ತೋಳಿನ ಮೇಲೆ ಹೊಲಿದ ದಿಕ್ಸೂಚಿ

ಕೋವಿಡ್ ಗಲಾಟೆ ಮುಗಿದು ಚರ್ಚ್ ಹಾಲ್‌ಗಳ ಬಾಗಿಲು ಮತ್ತೆ ತೆರೆದ ವರ್ಷ ನಾನು ಉತ್ತರ ಲಂಡನ್ನಿನ ಕೊಲಿಂಡೇಲ್‌ನಲ್ಲಿ ಒಂದು ಸ್ಕೌಟ್ ತಂಡದ ಚಿಕ್ಕ ಮಕ್ಕಳ ಲೀಡರ್ ಆಗಿದ್ದೆ. ಹೊಟ್ಟೆಪಾಡಿಗೆ ಪ್ರೈಮರಿ ಶಾಲೆಯಲ್ಲಿ ಟೀಚಿಂಗ್ ಅಸಿಸ್ಟೆಂಟ್ ಕೆಲಸ, ಅಂದರೆ ತರಗತಿಯಲ್ಲಿ ಶಿಕ್ಷಕಿಗೆ ನೆರವಾಗುವುದು. ಸಂಜೆ ಅದೇ ಮಕ್ಕಳಿಗೆ ಗಂಟು ಹಾಕುವುದು, ನಕ್ಷೆ ಓದುವುದು, ಜಗಳವಾಡದೆ ಡೇರೆ ಮಡಚುವುದು ಇತ್ಯಾದಿ ಕಲಿಸುವುದು. ಹುಟ್ಟಿದ್ದು ಶಿರ್ವದ ಕಡೆ, ಮನೆಮಾತು ಕೊಂಕಣಿ, ಶಾಲೆಯಲ್ಲಿ ಓದಿದ್ದು ಕನ್ನಡ. ಹಾಗಾಗಿ ಸುತ್ತಲಿನ ಹೊಸ ಫ್ಲಾಟುಗಳ ಕನ್ನಡದ ಅಪ್ಪ ಅಮ್ಮಂದಿರು ಏನೇ ಸಂದೇಹ ಬಂದರೂ ನನ್ನನ್ನೇ ಹಿಡಿದು ನಿಲ್ಲಿಸುತ್ತಿದ್ದರು. ನಾನು ಸುಲಭಕ್ಕೆ ಹೆದರುವವಳಲ್ಲ. ಆದರೆ ಆ ವರ್ಷದ ನವೆಂಬರಿನ ಒಂದು ಶನಿವಾರ ಮಧ್ಯಾಹ್ನ ಹೆದರಿದಷ್ಟು ಇನ್ಯಾವತ್ತೂ ಹೆದರಿಲ್ಲ. ಎರಡು ಹೆರಿಗೆ, ಒಂದು ಆಪರೇಷನ್, ಈ ದೇಶದ ಮೊದಲ ಚಳಿಗಾಲ, ಎಲ್ಲವನ್ನೂ ಲೆಕ್ಕಕ್ಕೆ ಹಿಡಿದೇ ಈ ಮಾತು ಹೇಳುತ್ತಿದ್ದೇನೆ.

ಸೆಪ್ಟೆಂಬರಿನಲ್ಲಿ ಹೊಸ ಮಕ್ಕಳು ಸೇರಿದಾಗ ಪೋಷಕರಿಗಾಗಿ ಒಂದು ಸಂಜೆ ಇಟ್ಟುಕೊಳ್ಳುವುದು ನಮ್ಮ ಪದ್ಧತಿ. ಆರರಿಂದ ಎಂಟು ವರ್ಷದವರು ಬೀವರ್, ಎಂಟರಿಂದ ಹತ್ತೂವರೆಯವರು ಕಬ್, ಆಮೇಲೆ ಸ್ಕೌಟ್ ಎಂದು ಅಲ್ಲಿ ವಿವರಿಸುತ್ತೇನೆ. ಕಬ್‌ಗಳಲ್ಲಿ ಐದಾರು ಮಕ್ಕಳ ಸಣ್ಣ ಗುಂಪಿಗೆ ಒಬ್ಬ ನಾಯಕ ಇರುತ್ತಾನೆ, ಅವನನ್ನು ಸಿಕ್ಸರ್ ಎನ್ನುತ್ತಾರೆ. ಆ ಪದ ಕೇಳಿದ್ದೇ ನಮ್ಮ ಅಪ್ಪಂದಿರ ಮುಖ ಅರಳುತ್ತದೆ, ಕ್ರಿಕೆಟ್ಟಿಗೂ ಇದಕ್ಕೂ ಸಂಬಂಧವಿಲ್ಲ ಎಂದ ಮೇಲೆ ಸಪ್ಪಗಾಗುತ್ತದೆ. ನಂತರ ಬ್ಯಾಡ್ಜ್‌ಗಳ ಸರದಿ. ಬ್ಯಾಡ್ಜ್ ಅಂದರೆ ಒಂದು ಕೆಲಸ ಕಲಿತು, ಮಾಡಿ ತೋರಿಸಿದ ಮೇಲೆ ಕೊಡುವ ಪುಟ್ಟ ಬಟ್ಟೆಯ ಗುರುತು. ಈಜಿಗೆ ಒಂದು, ಪ್ರಥಮ ಚಿಕಿತ್ಸೆಗೆ ಒಂದು, ನಕ್ಷೆ ಮತ್ತು ದಿಕ್ಸೂಚಿ ಹಿಡಿದು ದಾರಿ ಹುಡುಕುವುದಕ್ಕೆ ನ್ಯಾವಿಗೇಟರ್ ಎಂಬ ಇನ್ನೊಂದು.

ಆ ವರ್ಷದ ಸಂಜೆಯೂ ಎಂದಿನಂತೆ ನಡೆಯಿತು. ಎಲ್ಲ ಬ್ಯಾಡ್ಜ್ ಮುಗಿಸಲು ಎಷ್ಟು ತಿಂಗಳು ಬೇಕು ಎಂದು ಒಬ್ಬ ತಾಯಿ ಕೇಳಿದರು. ಪರೀಕ್ಷೆ ಬರೆದು ಸೇರುವ ಗ್ರಾಮರ್ ಸ್ಕೂಲಿನ ಪ್ರವೇಶಕ್ಕೆ ಇದು ಲೆಕ್ಕಕ್ಕೆ ಬರುತ್ತದೆಯೇ ಎಂದು ಇನ್ನೊಬ್ಬರು. ಇದಕ್ಕೂ ಟ್ಯೂಷನ್ ಇದೆಯೇ ಎಂದು ಯಾರೂ ಕೇಳಲಿಲ್ಲವಲ್ಲ ಎಂದು ನಾನು ಒಳಗೊಳಗೇ ನಕ್ಕಿದ್ದೆ. ಯಾವ ಬ್ಯಾಡ್ಜ್ ಎಲ್ಲಿ ಹೊಲಿಯಬೇಕೆಂದು ತಿಳಿಯಲಿ ಎಂದು ಹಳೆಯ ಮಾದರಿ ಜಂಪರ್, ಅಂದರೆ ಯುನಿಫಾರ್ಮಿನ ಸ್ವೆಟರ್ ಒಂದನ್ನು ಹ್ಯಾಂಗರಿಗೆ ತೂಗುಹಾಕಿರುತ್ತೇವೆ. ಅದರ ಮೈತುಂಬ ಬ್ಯಾಡ್ಜ್‌ಗಳೇ. ಹಿಂದಿನ ಸಾಲಿನಲ್ಲಿದ್ದ ಮಂಜುನಾಥ ಎಂಬವರು ತಡವಾಗಿ ಬಂದು, ಮಾತು ಮುಗಿಯುವ ಹೊತ್ತಿಗೆ ಆ ಜಂಪರಿನ ಎರಡೂ ತೋಳುಗಳ ಫೋಟೋ ತೆಗೆದುಕೊಂಡು ಹೋದರು. ಗದಗದವರು, ಬೆಂಗಳೂರಿನಲ್ಲಿ ಐಟಿ ಕೆಲಸ ಮಾಡಿ ಇಲ್ಲಿಗೆ ಬಂದವರು. ಅವರ ಮಗಳು ಆದ್ಯಾ ಒಂಬತ್ತು ವರ್ಷದವಳು, ಹೊಸದಾಗಿ ಕಬ್ ಸೇರಿದ್ದಳು. ತುಂಬ ಮೌನದ ಹುಡುಗಿ. ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಬರುತ್ತಿತ್ತು, ಅದೂ ಒಂದೇ ಪದದಲ್ಲಿ.

ನವೆಂಬರಿನ ಆ ಶನಿವಾರ ಬೀವರ್‌ಗಳನ್ನೂ ಕಬ್‌ಗಳನ್ನೂ ಸೇರಿಸಿ ಜಲಾಶಯದ ಪಕ್ಕದ ಕಾಡಿನಲ್ಲಿ ಸಣ್ಣದೊಂದು ನಡಿಗೆ ಇಟ್ಟಿದ್ದೆವು. ಒಬ್ಬ ಕಬ್, ಜೊತೆಗೆ ಇಬ್ಬರು ಬೀವರ್, ಹೀಗೆ ಮೂವರ ಗುಂಪು. ದಾರಿಯ ಆರಂಭದಲ್ಲಿ ಒಬ್ಬರು, ನಡುವೆ ಒಬ್ಬರು, ಕೊನೆಯಲ್ಲಿ ಕೆಲವರು ಎಂದು ದೊಡ್ಡವರನ್ನು ನಿಲ್ಲಿಸಿದ್ದೆವು. ಆರಂಭದಲ್ಲಿ ಗ್ರಹಾಂ. ನಿವೃತ್ತ ಬಸ್ ಡ್ರೈವರ್, ದೊಡ್ಡ ಹುಡುಗರ ಸ್ಕೌಟ್ ತಂಡ ನೋಡಿಕೊಳ್ಳುವವನು, ಅಂದು ನಮಗೆ ಸಹಾಯಕ್ಕೆಂದು ಬಂದಿದ್ದ. ನಮ್ಮ ಚಿಕ್ಕವರ ಪರಿಚಯ ಅವನಿಗಿರಲಿಲ್ಲ. ನಡುವಿನ ಜಾಗದಲ್ಲಿ ಪೋಷಕರ ಪರವಾಗಿ ಮಂಜುನಾಥ. ಕೊನೆಯಲ್ಲಿ ಕೋಕೋ ಫ್ಲಾಸ್ಕುಗಳ ಜೊತೆ ನಾನು, ಇಬ್ಬರು ತಾಯಂದಿರು. ನಾನು ಮುಂಚೆಯೇ ಕೊನೆಯ ಜಾಗಕ್ಕೆ ಹೋಗಿದ್ದರಿಂದ ಅಂದು ಮಕ್ಕಳು ಏನು ಹಾಕಿಕೊಂಡು ಬಂದರೆಂದು ನೋಡಿರಲಿಲ್ಲ.

ಗುಂಪುಗಳು ಒಂದೊಂದಾಗಿ ಬಂದವು. ಕೆನ್ನೆ ಕೆಂಪಗೆ, ಮೂಗು ಸೋರುತ್ತ, ತಾವೇ ಲಂಡನ್ ಕಂಡುಹಿಡಿದವರಂತೆ ಬೀಗುತ್ತ. ಕೊನೆಯ ಗುಂಪು ಬರಲಿಲ್ಲ. ಮೊದಲು ನನಗೆ ಏನೂ ಅನ್ನಿಸಲಿಲ್ಲ, ಬೀವರ್‌ಗಳು ಅಣಬೆ ಕಂಡರೆ ನಿಲ್ಲುತ್ತಾರೆ, ನಾಯಿ ಕಂಡರೆ ನಿಲ್ಲುತ್ತಾರೆ. ಸ್ವಲ್ಪ ಹೊತ್ತು ನೋಡಿ ಮಂಜುನಾಥರಿಗೆ ಫೋನ್ ಮಾಡಿದೆ. ಆದ್ಯಾಳ ಗುಂಪು ಇನ್ನೂ ತಮ್ಮ ಹತ್ತಿರವೇ ಬಂದಿಲ್ಲ, ಗ್ರಹಾಂ ಇನ್ನೂ ಬಿಟ್ಟಿಲ್ಲ ಅಂದುಕೊಂಡು ಕಾಯುತ್ತಿದ್ದೇನೆ ಎಂದರು. ಗ್ರಹಾಂಗೆ ಮಾಡಿದೆ. ಅವರನ್ನು ಕಳಿಸಿ ಬಹಳ ಹೊತ್ತಾಯಿತಲ್ಲ ಎಂದ.

ನಾನು ನಕ್ಷೆ ಬಿಚ್ಚಿ ನೋಡಿದೆ. ಆರಂಭಕ್ಕೂ ನಡುವಿಗೂ ಮಧ್ಯೆ ದಾರಿ ಒಂದೇ ಕಡೆ ಕವಲೊಡೆಯುತ್ತದೆ. ಎಡಕ್ಕೆ ಹೋದರೆ ಮಂಜುನಾಥ. ಬಲಕ್ಕೆ ಹೋದರೆ ಜೊಂಡು, ಕೆಸರು, ನೀರು.

ಉಳಿದ ಮಕ್ಕಳನ್ನು ತಾಯಂದಿರಿಗೆ ಒಪ್ಪಿಸಿ ನಾನು ಕವಲಿನತ್ತ ಓಡಿದೆ. ನನ್ನ ವಯಸ್ಸಿಗೂ ಮೈಗೂ ಓಡುವುದು ಹೇಳಿಮಾಡಿಸಿದ್ದಲ್ಲ, ಆದರೆ ಕಾಲು ತಾನಾಗಿ ಓಡಿತು. ಗ್ರಹಾಂ ಆ ಕಡೆಯಿಂದ ಬಂದ, ಮಂಜುನಾಥ ಈ ಕಡೆಯಿಂದ. ನನ್ನ ಮುಖ ನೋಡಿ ಗ್ರಹಾಂ ಸಮಾಧಾನ ಮಾಡಲು ಹೊರಟ.

"ಅಷ್ಟು ಗಾಬರಿ ಬೇಡ. ಆ ಹುಡುಗಿಯ ತೋಳಿನ ಮೇಲೆ ನ್ಯಾವಿಗೇಟರ್ ಬ್ಯಾಡ್ಜ್ ಇತ್ತು. ಅದಕ್ಕೇ ಅವಳಿಗೆ ಅತಿ ಚಿಕ್ಕವರಿಬ್ಬರನ್ನು ಕೊಟ್ಟು ಕೊನೆಯಲ್ಲಿ ಬಿಟ್ಟೆ," ಎಂದ.

"ನಾನು ಅವಳಿಗೆ ಆ ಬ್ಯಾಡ್ಜ್ ಕೊಟ್ಟೇ ಇಲ್ಲ," ಎಂದೆ.

ಮಂಜುನಾಥ ತಡವರಿಸುತ್ತ ಬಾಯಿಬಿಟ್ಟರು. "ನಾನ ನಿನ್ನೆ ರಾತ್ರಿ ಹೊಲದೀನ್ರೀ ಮೇಡಂ. ಆನ್‌ಲೈನ್‌ನ್ಯಾಗ ಒಂದು ಸೆಟ್ ಸಿಕ್ತು. ನಮ್ಮ ಸಾಲ್ಯಾಗ ಸ್ಕೌಟ್ ಡ್ರೆಸ್ ತಗೊಂಡ್ರ ಬ್ಯಾಡ್ಜ್, ಸೀಟಿ, ಸ್ಕಾರ್ಫ್ ಎಲ್ಲಾ ಒಂದ ಪಾಕೀಟಿನ್ಯಾಗ ಬರ್ತಿದ್ವು. ಇದೂ ಯುನಿಫಾರ್ಮ್ ಅಂತ ತಿಳ್ಕೊಂಡೆ. ಉಳಿದ ಹುಡುಗರ ಮುಂದ ನನ್ನ ಮಗಳದು ಬೋಳು ಬೋಳು ಕಾಣಬಾರದಂತ."

ಬೈಯಲು ನನಗೆ ಪುರಸೊತ್ತಿರಲಿಲ್ಲ. ಮಗು ಕಾಣೆಯಾದಾಗ ಏನು ಮಾಡಬೇಕೆಂಬುದಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ. ಕೊನೆಯ ಬಾರಿ ಕಂಡ ಜಾಗದಲ್ಲಿ ಒಬ್ಬರು ನಿಲ್ಲಬೇಕು, ಉಳಿದವರು ಹುಡುಕಬೇಕು, ಪೊಲೀಸರಿಗೆ ತಿಳಿಸಲು ಸಂಕೋಚಪಡಬಾರದು. ಗ್ರಹಾಂನನ್ನು ಕವಲಿನಲ್ಲಿ ನಿಲ್ಲಿಸಿ, ನಡೆಯುತ್ತಲೇ ತುರ್ತು ಸಂಖ್ಯೆಗೆ ಫೋನ್ ಮಾಡಿದೆ. ಆ ಕಡೆಯ ಹೆಂಗಸು ಶಾಂತವಾಗಿ ಒಂದೊಂದೇ ಕೇಳಿದಳು. ಮಕ್ಕಳ ಹೆಸರು: ಆದ್ಯಾ, ಮರಿಯಂ, ಆಲ್ಫಿ. ವಯಸ್ಸು: ಒಂಬತ್ತು, ಏಳು, ಆರು. ಹತ್ತಿರದಲ್ಲಿ ನೀರಿದೆಯೇ. ಇದೆ. ದೊಡ್ಡ ಹುಡುಗಿಗೆ ಈಜು ಬರುತ್ತದೆಯೇ.

ನಾನು ಮಂಜುನಾಥರ ಕಡೆ ತಿರುಗಿದೆ. "ಈಜಿನ ಬ್ಯಾಡ್ಜೂ ಹೊಲದೀನಿ," ಎಂದರು. "ಈಜು ಬರಂಗಿಲ್ಲ."

ನವೆಂಬರಿನಲ್ಲಿ ಇಲ್ಲಿ ಬೆಳಕು ಹೇಳದೆ ಕೇಳದೆ ಹೋಗಿಬಿಡುತ್ತದೆ. ನಾವು ಬಲಗಡೆಯ ದಾರಿ ಹಿಡಿದಾಗಲೇ ಮರಗಳ ಬುಡ ಮಬ್ಬಾಗಿತ್ತು. ನಾನು ಕೆಸರಿನಲ್ಲಿ ಹೆಜ್ಜೆ ಗುರುತು ಹುಡುಕುತ್ತಿದ್ದೆ. ಕಂಡರೆ ಸಾಕು ಅಂತಲೂ, ನೀರಿನ ಕಡೆ ಹೋಗಿದ್ದು ಕಾಣದಿರಲಿ ಅಂತಲೂ ಒಟ್ಟಿಗೇ ಬೇಡಿಕೊಳ್ಳುತ್ತಿದ್ದೆ. ಕಂಡಿತು. ಪುಟ್ಟ ರಬ್ಬರ್ ಬೂಟಿನ ಗುರುತು, ಜೊಂಡಿನ ಕಡೆಗೇ ಹೋಗಿತ್ತು. ಸ್ವಲ್ಪ ಮುಂದೆ ಒಂದು ಬೂಟೇ ಕೆಸರಿನಲ್ಲಿ ನಿಂತಿತ್ತು, ಕಾಲಿಲ್ಲದೆ. ಆಲ್ಫಿಯದು, ಕಪ್ಪೆಯ ಕಣ್ಣು ಬರೆದ ಹಸಿರು ಬೂಟು. ಅದನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡೆ. ಆಲ್ಫಿಯ ತಾಯಿ ಅಲ್ಲಿ ಕೊನೆಯ ಜಾಗದಲ್ಲಿ ಬೇರೆಯವರ ಮಕ್ಕಳಿಗೆ ಕೋಕೋ ಬಗ್ಗಿಸುತ್ತಿದ್ದಳು. ಅವಳಿಗೆ ಏನೆಂದು ಹೇಳಲಿ?

ಮಂಜುನಾಥ ಗಂಟಲು ಹರಿಯುವಂತೆ ಮಗಳ ಹೆಸರು ಕೂಗಿದರು. ಉತ್ತರವಿಲ್ಲ. ಪ್ರತಿ ಕಬ್‌ನ ಕೊರಳಲ್ಲೂ ಸೀಟಿ ಇರುತ್ತದೆ. ದಾರಿ ತಪ್ಪಿದರೆ ನಿಂತಲ್ಲೇ ನಿಲ್ಲು, ಮರ ಹಿಡಿದುಕೋ, ಆರು ಸಲ ಊದು ಎಂದು ಮೊದಲ ದಿನವೇ ಕಲಿಸುತ್ತೇವೆ. ಆದ್ಯಾಳ ಕೊರಳಲ್ಲೂ ಇತ್ತು, ಗ್ರಹಾಂ ನೋಡಿದ್ದ. ಹಾಗಿದ್ದೂ ಅವಳು ಊದುತ್ತಿಲ್ಲವೆಂದರೆ ಊದುವ ಸ್ಥಿತಿಯಲ್ಲೇ ಇಲ್ಲ ಎಂದೇ ನನಗೆ ಅನ್ನಿಸಿತು. ಮಂಜುನಾಥರಿಗೂ ಅದೇ ಅನ್ನಿಸಿರಬೇಕು, ಮರಕ್ಕೆ ಒರಗಿ ನಿಂತುಬಿಟ್ಟರು.

ಆಗ ಜೊಂಡಿನ ಆಚೆ, ಬಲು ದೂರದಲ್ಲಿ, ಸಣ್ಣ ಮಗುವೊಂದು ಬಿಕ್ಕಿದ ಸದ್ದು. ನಾವಿಬ್ಬರೂ ಉಸಿರು ಬಿಗಿಹಿಡಿದೆವು. ಯಾರೋ ಆ ಮಗುವನ್ನು ಸುಮ್ಮನಿರಿಸಿದ ಹಾಗೆ ಸದ್ದು ನಿಂತಿತು. ಯಾವ ದಿಕ್ಕೆಂದು ಗೊತ್ತಾಗಲಿಲ್ಲ. ಆದ್ಯಾ ಇದ್ದಾಳೆ, ನಮ್ಮ ಕೂಗು ಕೇಳಿಸುತ್ತಿದೆ, ಆದರೂ ಓಗೊಡುತ್ತಿಲ್ಲ. ನಾನು ಮೂವತ್ತು ವರ್ಷ ಮಕ್ಕಳ ನಡುವೆ ಕಳೆದವಳು, ಆ ಮೌನ ನನಗೆ ಗೊತ್ತು. ಉತ್ತರ ತಿಳಿಯದ ಮಗು ತರಗತಿಯಲ್ಲಿ ಹಾಗೇ ತಲೆ ತಗ್ಗಿಸಿ ಕೂರುತ್ತದೆ. ಅವಳಿಗೆ ನಾಚಿಕೆಯಾಗಿದೆ, ನಮಗೆ ಸಿಗುವ ಮೊದಲೇ ದಾರಿ ಹುಡುಕಿಬಿಡಬೇಕೆಂದು ಇನ್ನೂ ಮುಂದೆ ಹೋಗುತ್ತಿದ್ದಾಳೆ ಎಂದು ಮಂಜುನಾಥರಿಗೆ ಹೇಳಿದೆ. ಇನ್ನೊಂದು ಹತ್ತು ಹೆಜ್ಜೆ ತಪ್ಪಿಟ್ಟರೆ ನೀರು ಎಂದೂ ಹೇಳಿದೆ.

ಅವರು ನನ್ನನ್ನೇ ನೋಡಿದರು. ಆಮೇಲೆ ಎರಡೂ ಕೈ ಬಾಯಿಯ ಸುತ್ತ ಹಿಡಿದು, ಇಡೀ ಕಾಡಿಗೆ ಕೇಳುವಂತೆ ಕೂಗಿದರು.

"ಆದ್ಯಾ, ಆ ಬ್ಯಾಡ್ಜ್ ನಿಂದಲ್ಲವ್ವಾ, ನಂದು. ತಪ್ಪು ನಂದೈತಿ. ನಿನಗ ದಾರಿ ಗೊತ್ತಿರಬೇಕಂತಿಲ್ಲ. ಅಲ್ಲೇ ನಿಂದ್ರು, ಸೀಟಿ ಊದು."

ಏನೂ ಇಲ್ಲ. ಗಾಳಿಗೆ ಜೊಂಡು ಸರಸರ ಅಂದಿತು. ಅಷ್ಟರಲ್ಲಿ ಸೀಟಿ. ಒಂದು, ಎರಡು, ನಡುಗುವ ಉಸಿರಿನಲ್ಲಿ ಆರರವರೆಗೂ.

ನೀರಿಗೆ ಬಾಗಿದ ಒಂದು ವಿಲ್ಲೋ ಮರದ ಬುಡದಲ್ಲಿ ಅವರು ಸಿಕ್ಕರು. ಆದ್ಯಾ ಒಂದು ಕೈಯಲ್ಲಿ ಮರ ತಬ್ಬಿದ್ದಳು, ಇನ್ನೊಂದರಲ್ಲಿ ಆಲ್ಫಿಯ ಕೋಟಿನ ಟೊಪ್ಪಿ ಮುಷ್ಟಿಕಟ್ಟಿ ಹಿಡಿದಿದ್ದಳು. ಮರಿಯಂ ಅವಳ ಸೊಂಟಕ್ಕೆ ಅಂಟಿಕೊಂಡಿದ್ದಳು. ಮೂವರೂ ಮೊಣಕಾಲಿನವರೆಗೆ ಒದ್ದೆ. ಎರಡು ಮಾರು ಆಚೆ ದಂಡೆ ಮುಗಿದು ಕಪ್ಪು ನೀರು ಶುರುವಾಗುತ್ತಿತ್ತು. ಆಲ್ಫಿಯನ್ನು ಎತ್ತಿಕೊಂಡಾಗ ನನ್ನ ಕೈ ಎಷ್ಟು ನಡುಗುತ್ತಿತ್ತೆಂದರೆ, ಚಳಿಯಾ ಎಂದು ಆ ಮಗುವೇ ನನ್ನನ್ನು ಕೇಳಿತು. ಹೌದು ಎಂದೆ. ಮಕ್ಕಳು ಸಿಕ್ಕಿದರೆಂದು ಪೊಲೀಸರಿಗೆ ಫೋನ್ ಮಾಡಿ ತಿಳಿಸಿದೆ.

ಯಾಕೆ ಊದಲಿಲ್ಲ ಎಂದು ವಾಪಸ್ ಬರುವಾಗ ಮೆಲ್ಲಗೆ ಕೇಳಿದೆ. ಆದ್ಯಾ ಇಂಗ್ಲಿಷಿನಲ್ಲಿ ಹೇಳಿದಳು. ಗ್ರಹಾಂ ಬ್ಯಾಡ್ಜ್ ನೋಡಿ, ನಿನಗೆ ದಾರಿ ಗೊತ್ತಲ್ಲ ಎಂದರಂತೆ. ಬ್ಯಾಡ್ಜ್ ಇದ್ದವರು ಕಳೆದುಹೋಗಬಾರದು ಅಂದುಕೊಂಡಳಂತೆ. ಅದನ್ನು ಹಾಕಿಕೊಂಡರೆ ದಾರಿ ತಾನಾಗಿ ಗೊತ್ತಾಗುತ್ತದೇನೋ ಎಂದೂ ಸ್ವಲ್ಪ ಅನ್ನಿಸಿತ್ತಂತೆ. ಅವಳ ಅಪ್ಪ ಹಿಂದೆ ನಡೆಯುತ್ತ ಎಲ್ಲವನ್ನೂ ಕೇಳಿಸಿಕೊಂಡರು.

ಅಂದು ಮನೆಗೆ ಹೋಗಿ ಕುಳಿತ ಮೇಲೆ ಭಯ ನಿಜವಾಗಿ ಹಿಡಿಯಿತು. ಇಸ್ತ್ರಿ ಮಾಡುವಾಗ, ಬಸ್ಸಿನಲ್ಲಿ ಕುಳಿತಾಗ, ಆ ಹಸಿರು ಬೂಟು ಕಣ್ಣ ಮುಂದೆ ಬರುತ್ತಿತ್ತು. ಆಲ್ಫಿಯ ತಾಯಿ ನನ್ನ ಮೇಲೆ ಸಿಟ್ಟಾದಳು, ಮುಚ್ಚಿಡದೆ ಎಲ್ಲ ಹೇಳಿದ ಮೇಲೂ ಒಂದು ತಿಂಗಳು ಮಗನನ್ನು ಕಳಿಸಲಿಲ್ಲ. ಅದು ಸರಿಯೇ. ಸ್ಕೌಟ್ ಸಂಸ್ಥೆಯ ಮೇಲಿನವರಿಗೆ ನಡೆದದ್ದೆಲ್ಲ ತಿಳಿಸಿದೆವು, ಕವಲುಗಳಲ್ಲಿ ದೊಡ್ಡವರಿಲ್ಲದೆ ಚಿಕ್ಕವರನ್ನು ಬಿಡುವುದು ಅಂದಿಗೇ ನಿಂತಿತು. ಮುಂದಿನ ವಾರ ಮಂಜುನಾಥ ಮಗಳ ಜಂಪರ್ ತಂದು, ಹಾಲ್‌ನಲ್ಲಿ ಎಲ್ಲ ಪೋಷಕರೆದುರೇ ಕುರ್ಚಿ ಹಾಕಿಕೊಂಡು ಒಂದೊಂದೇ ಬ್ಯಾಡ್ಜ್‌ನ ಹೊಲಿಗೆ ಬಿಚ್ಚಿದರು. ಯಾಕೆಂದು ಕೇಳಿದವರಿಗೆಲ್ಲ ಕಾರಣ ಹೇಳಿದರು. ಅಷ್ಟು ಜನರ ಮುಂದೆ ಹಾಗೆ ಹೇಳಿಕೊಳ್ಳುವುದು ಸುಲಭವಲ್ಲ. ಅವರ ಮೇಲೆ ನನಗಿದ್ದ ಸಿಟ್ಟು ಅಲ್ಲಿಗೇ ಕರಗಿತು.

ಆದ್ಯಾ ತಂಡ ಬಿಡುತ್ತಾಳೆ ಅಂದುಕೊಂಡಿದ್ದೆ. ಬಿಡಲಿಲ್ಲ. ಚಳಿಗಾಲವಿಡೀ ಹಾಲ್‌ನ ನೆಲದ ಮೇಲೆ ನಕ್ಷೆ ಹರಡಿಕೊಂಡು ಉತ್ತರ ಯಾವುದು, ದಕ್ಷಿಣ ಯಾವುದು ಎಂದು ಕಲಿತಳು. ಕಾಡಿಗೆ ಹೋದಾಗ ಮೊದಮೊದಲು ನನ್ನ ಕೋಟಿನ ತುದಿ ಬಿಡುತ್ತಿರಲಿಲ್ಲ. ನಾನೂ ಅವಳ ಕೈ ಬಿಡುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಯಾರು ಯಾರಿಗೆ ಧೈರ್ಯ ಕೊಡುತ್ತಿದ್ದೆವೆಂದು ನನಗೇ ಗೊತ್ತಿರಲಿಲ್ಲ. ಬೇಸಿಗೆ ಬರುವ ಹೊತ್ತಿಗೆ ನ್ಯಾವಿಗೇಟರ್ ಬ್ಯಾಡ್ಜ್‌ಗೆ ಬೇಕಾದುದೆಲ್ಲವನ್ನೂ ಮಾಡಿ ತೋರಿಸಿದಳು.

ಬ್ಯಾಡ್ಜ್ ಎಂದರೆ ಮಗುವಿಗೆ ಕೊಡುವ ಬಹುಮಾನ ಎಂದೇ ನಾನು ಅಷ್ಟು ವರ್ಷ ಪೋಷಕರಿಗೆ ಹೇಳುತ್ತ ಬಂದಿದ್ದೆ. ಈಗ ಹಾಗೆ ಹೇಳುವುದಿಲ್ಲ. ಅದು ಬೇರೆಯವರು ಆ ಮಗುವಿನಿಂದ ಏನನ್ನು ನಿರೀಕ್ಷಿಸಬಹುದು ಎಂಬ ಮಾತು, ಅದನ್ನು ನಂಬಿ ಇನ್ನೊಂದು ಚಿಕ್ಕ ಮಗು ಅದರ ಹಿಂದೆ ನಡೆಯುತ್ತದೆ ಎನ್ನುತ್ತೇನೆ. ಈ ಮಾತು ನನಗೆ ಕಲಿಸಿದವಳು ಆದ್ಯಾಳೇ. ಬ್ಯಾಡ್ಜ್ ಕೊಡುವ ಸಂಜೆ ಎಲ್ಲರೆದುರು ಅವಳ ಹೆಸರು ಕರೆದೆ. ಅವಳು ಬಂದು ನಿಂತಳು, ಕೈ ಮಾತ್ರ ಚಾಚಲಿಲ್ಲ. ನನ್ನ ಅಂಗೈಯಲ್ಲಿದ್ದ ದಿಕ್ಸೂಚಿಯ ಆ ಪುಟ್ಟ ಚಿತ್ರವನ್ನು ನೋಡುತ್ತ, ಮೊದಲ ಸಲ ನನ್ನೊಡನೆ ಕನ್ನಡದಲ್ಲಿ ಮಾತಾಡಿದಳು.

"ಇದು ಹಾಕ್ಕೊಂಡ್ರ ಆಲ್ಫಿ ಮತ್ತ ನನ್ನ ಹಿಂದ ಬರ್ತಾನ?"

ಬರುತ್ತಾನೆ ಎಂದೆ.

ಅವಳು ಹಿಂದಿನ ಸಾಲಿನಲ್ಲಿ ಕಾಲಾಡಿಸುತ್ತ ಕುಳಿತಿದ್ದ ಆಲ್ಫಿಯನ್ನೊಮ್ಮೆ ನೋಡಿದಳು.

"ಹಂಗಾದ್ರ ಮ್ಯಾಪ್ ಇನ್ನೊಂದ್ಸಲ ತೋರಸ್ರಿ," ಎಂದಳು.