ಟ್ಯೂಬಿನೊಳಗಿನ ಅಂಬಲಿ

ಬಂಗಾರಪೇಟೆಯನ್ನು ಜನ ಇನ್ನೂ ಬೌರಿಂಗ್‌ಪೇಟೆ ಎಂದು ಕರೆಯುತ್ತಿದ್ದ ಕಾಲ. ರೈಲ್ವೆ ಗೇಟಿನ ಪಕ್ಕ ವೆಂಕಟೇಶಪ್ಪ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ. ಆ ಸುತ್ತಿನಲ್ಲಿ ಆ ಕೆಲಸ ಬಲ್ಲವನು ಅವನೊಬ್ಬನೇ. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಹಾಗೆ. ಆದರೆ ಗೌಡಿಕೆಯನ್ನು ಅವನು ಪುಕ್ಕಟೆ ಪಡೆದಿರಲಿಲ್ಲ. ಬೂದಿಕೋಟೆ ಕಡೆಯ ಒಕ್ಕಲು ಮಗ. ನೇಗಿಲು ಬಿಟ್ಟು ಚಿನ್ನದ ಗಣಿಯ ಬಿಳಿ ದೊರೆಗಳು ಬಿಸಾಡಿದ ಮುರುಕು ಸೈಕಲ್ಲುಗಳನ್ನು ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ ಕಲಿತವನು. ಪೆಡಲ್ ಮುರಿದರೆ ಜಾಲಿ ಕಟ್ಟಿಗೆ ಕೆತ್ತಿ ಕೂರಿಸುತ್ತಿದ್ದ. ಬ್ರೇಕ್ ಸವೆದರೆ ಹಳೇ ಚಪ್ಪಲಿಯ ತೊಗಲು ಕತ್ತರಿಸಿ ಹಾಕುತ್ತಿದ್ದ.

ಅವನ ಕೈಯಲ್ಲಿ ಹುಟ್ಟಿದ ಸೈಕಲ್ಲುಗಳಲ್ಲೆಲ್ಲ ಹಿರಿಯದು ಹಾಲಿನ ಮುನಿಸ್ವಾಮಪ್ಪನದು. ಮೂರು ಮುರುಕುಗಳನ್ನು ಸೇರಿಸಿ ಒಂದು ಮಾಡಿ, ಕಬ್ಬಿಣದ ಮಂಚದ ಪಟ್ಟಿಯಿಂದ ಕ್ಯಾರಿಯರ್ ಕಟ್ಟಿದ್ದ. ಅದರ ಮೇಲೆ ಎರಡು ದೊಡ್ಡ ಹಾಲಿನ ಕ್ಯಾನು ಹೇರಿಕೊಂಡು ಮುನಿಸ್ವಾಮಪ್ಪ ದಿನಾ ಬೆಳಿಗ್ಗೆ ಬರುತ್ತಿದ್ದ. ಗಣಿಯ ಕಡೆ ಹೋಗುವ ಮಾರಿಕುಪ್ಪಂ ರೈಲಿಗೆ ಹಾಲು ಹತ್ತಿಸಬೇಕು. ಗೇಟಿನಲ್ಲಿ ಯಾರಾದರೂ ಆ ಸೈಕಲ್ಲನ್ನು ತಿರುಗಿ ನೋಡಿದರೆ ವೆಂಕಟೇಶಪ್ಪನಿಗೆ ಅವತ್ತು ಊಟ ಒಂದು ತುತ್ತು ಹೆಚ್ಚು ಸೇರುತ್ತಿತ್ತು.

ಯುದ್ಧ ಬಂತು. ಜಪಾನಿನವರು ಮಲಯವನ್ನು ಹಿಡಿದ ಮೇಲೆ ರಬ್ಬರು ಕಣ್ಣಿಗೆ ಬೀಳದಾಯಿತು. ರಾಬರ್ಟ್‌ಸನ್‌ಪೇಟೆಯ ಅಂಗಡಿಗಳಲ್ಲಿ ಟ್ಯೂಬ್ ಕೇಳಿದರೆ ಮುಖ ನೋಡಿ ನಗುತ್ತಿದ್ದರು. ಅದೇ ವರ್ಷ ಗಣಿಯ ಕುಲುಮೆಯಲ್ಲಿ ಕೆಲಸ ಮಾಡಿ ಬಿಟ್ಟಿದ್ದ ಕುಪ್ಪುಸ್ವಾಮಿ ಎಂಬವನು ಹೆಂಡತಿ ಅಮ್ಮಾಜಮ್ಮನ ಜೊತೆ ಬಂದು, ರಸ್ತೆಯ ಆಚೆ ಬದಿಯ ಹುಣಸೆಮರದ ಕೆಳಗೆ ಸೈಕಲ್ ರಿಪೇರಿಗೆ ಕೂತ.

ಕೂರಲಿ, ಭೂಮಿ ವೆಂಕಟೇಶಪ್ಪನ ಅಪ್ಪನದೇನಲ್ಲ. ಆದರೆ ಕುಪ್ಪುಸ್ವಾಮಿ ಮುಟ್ಟಿದ ಸೈಕಲ್ಲಿಗೆ ಗಾಳಿಯೇ ಬೇಡವಂತೆ! ಮುಳ್ಳು ಚುಚ್ಚಿದರೂ ಟೈರು ಕಲ್ಲಿನ ಹಾಗೆ ಗಟ್ಟಿಯಂತೆ! ಒಬ್ಬೊಬ್ಬರೇ ಹಾಲಿನವರು, ತರಕಾರಿಯವರು ರಸ್ತೆ ದಾಟಿದರು. ವೆಂಕಟೇಶಪ್ಪನ ಹೊಟ್ಟೆಯಲ್ಲಿ ಕೆಂಡ ಬಿತ್ತು. ಅವನ ಸ್ಪಾನರ್ ಚಕ್ರದ ಮೇಲಿದ್ದರೂ ಕಣ್ಣು ಇಡೀ ದಿನ ಹುಣಸೆಮರದ ಮೇಲೆ. ಒಳಗೇನು ತುಂಬುತ್ತಾನೆ ಎಂದು ಕೇಳಿದ್ದರೆ ಯಾವ ಗಿರಾಕಿಯಾದರೂ ಹೇಳುತ್ತಿದ್ದ. ಕೇಳುವುದಕ್ಕಿಂತ ಬಾವಿಗೆ ಬೀಳುವುದು ಮೇಲು ಅನ್ನಿಸಿತ್ತು ಅವನಿಗೆ.

ಒಂದು ದಿನ ಮುನಿಸ್ವಾಮಪ್ಪ ಸೈಕಲ್ ತಳ್ಳಿಕೊಂಡು ಬಂದ. ಹಿಂದಿನ ಟ್ಯೂಬಿನಲ್ಲಿ ಪ್ಯಾಚಿನ ಮೇಲೆ ಪ್ಯಾಚು. ರಾತ್ರಿ ಹೊಡೆದ ಗಾಳಿ ಬೆಳಿಗ್ಗೆಗೆ ಇಲ್ಲ.

“ಯೆಂಕಟೇಸಣ್ಣ, ಬೇಜಾರ್ ಮಾಡ್ಕಬ್ಯಾಡ. ಆ ಕುಪ್ಪುಸ್ವಾಮಿ ಏನೋ ಉಪಾಯ ಮಾಡ್ತಾನಂತೆ. ಅದು ಏನಂದ್ರೆ...”

“ಬಾಯ್ ಮುಚ್ಲಾ!” ಎಂದ ವೆಂಕಟೇಶಪ್ಪ. “ಈ ಸೈಕಲ್ ಕಟ್ಟಿದೋನು ನಾನು. ಬೇರೆಯೋನು ಕೈ ಇಟ್ರೆ ನಾನು ಈ ಅಂಗಡಿ ಬಾಗ್ಲು ಆಕ್ಕೊಂಡು ಓಯ್ತೀನಿ. ಇಲ್ಲೇ ಬಿಟ್ಟೋಗು, ನಾಳೆ ಬೆಳಿಗ್ಗೆ ತಕ್ಕೊಂಡೋಗು.”

ಮಾತು ಕೊಟ್ಟಾಯಿತು. ಉಪಾಯ ಮಾತ್ರ ಇಲ್ಲ. ಈ ಸೈಕಲ್ಲೂ ಆಚೆಗೆ ಹೋದರೆ ತನ್ನದು ಅಂತ ಏನು ಉಳಿಯಿತು?

ಅವನು ಮೈಯೆಲ್ಲ ಕಣ್ಣಾಗಿ ಕೂತ. ಕುಪ್ಪುಸ್ವಾಮಿ ಟೈರು ತುಂಬುವುದೊಂದನ್ನು ಬಿಟ್ಟು ಮಿಕ್ಕ ಕೆಲಸವನ್ನೆಲ್ಲ ಬಯಲಲ್ಲೇ ಮಾಡುತ್ತಿದ್ದ. ಕೊಂಬೆಗೆ ನಾರುಹಗ್ಗದ ಸುರುಳಿಗಳು ನೇತಾಡುತ್ತಿದ್ದವು. ಕ್ಯಾನು ಕಟ್ಟುವುದಕ್ಕಿರಬೇಕು ಎಂದು ವೆಂಕಟೇಶಪ್ಪ ಅವುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮಧ್ಯಾಹ್ನ ಅಮ್ಮಾಜಮ್ಮ ಒಂದು ಮಡಕೆ ಅಂಬಲಿ ತಂದಳು. ಕುಪ್ಪುಸ್ವಾಮಿ ಒಂದು ಸುರುಳಿ ಹಗ್ಗ, ಒಂದು ಬೋಳು ಟೈರು, ಆ ಮಡಕೆ ಮೂರನ್ನೂ ಎತ್ತಿಕೊಂಡು ಮರಕ್ಕೆ ಕಟ್ಟಿದ ಗೋಣಿಪರದೆಯ ಹಿಂದೆ ಹೋದ. ಹೊರಗೆ ಬಂದಾಗ ಮಡಕೆ ಖಾಲಿ, ಟೈರು ಗಟ್ಟಿ!

“ಸಿಕ್ಕಿದ್ಯಾ ಕಳ್ಳ!” ಎಂದು ವೆಂಕಟೇಶಪ್ಪ ತೊಡೆ ತಟ್ಟಿಕೊಂಡ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅಂಬಲಿ! ರಾಗಿ ತೂತುಗಳಿಗೆ ಮೆತ್ತಿಕೊಂಡು ಒಣಗಿದರೆ ಗಾಳಿ ಎಲ್ಲಿಂದ ಹೋದೀತು?

ಮನೆಯಿಂದ ಹುಳಿ ಅಂಬಲಿ ತಂದ. ಹೆಂಡತಿ ಕನಕಮ್ಮ “ಉಣ್ಣಾಕಾ?” ಎಂದರೆ “ನಿಂಗ್ಯಾಕೆ?” ಎಂದ. ಎಣ್ಣೆಬುಡ್ಡಿಯಿಂದ ಟ್ಯೂಬಿನ ವಾಲ್ವಿನ ತೂತಿಗೆ ಸ್ವಲ್ಪ ಸ್ವಲ್ಪವೇ ಹುಯ್ದು, ಚಕ್ರ ತಿರುಗಿಸಿ, ಗಾಳಿ ಹೊಡೆದ. ಏನು ಹೇಳಲಿ, ಟ್ಯೂಬಿನಲ್ಲಿ ಗಾಳಿ ನಿಂತಿತು! ಸಂಜೆಯವರೆಗೂ ಒತ್ತಿ ಒತ್ತಿ ನೋಡಿದ. ಅವತ್ತು ಅವನು ರಸ್ತೆಯ ಆಚೆಗೆ ನೋಡಿದ ನೋಟದಲ್ಲಿ ಕುಪ್ಪುಸ್ವಾಮಿಯ ಬಗ್ಗೆ ಸ್ವಲ್ಪ ಕನಿಕರವೂ ಇತ್ತು.

ಅಂಬಲಿ ಹುಳಿಯಾದರೆ ಉಬ್ಬುತ್ತದೆ, ಬಿಗಿಯಾಗಿ ಮುಚ್ಚಿಟ್ಟ ಮಡಕೆಯ ಮುಚ್ಚಳವನ್ನೇ ಎತ್ತುತ್ತದೆ. ಆ ಸೀಮೆಯ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಿದ್ದಳು. ಕನಕಮ್ಮನನ್ನೂ ಅವನು ಕೇಳಿರಲಿಲ್ಲ.

ಬೆಳಿಗ್ಗೆ ಮುನಿಸ್ವಾಮಪ್ಪ ಟೈರನ್ನು ಒತ್ತಿ ನೋಡಿ “ಏನಣ್ಣಾ, ನಿನ್ನೆಗಿಂತ ಗಟ್ಟಿಯಾಗೈತೆ!” ಎಂದು ಮೆಚ್ಚಿ, ಕ್ಯಾನು ಹೇರಿಕೊಂಡು ಹೊರಟ. ಗೇಟು ಹಾಕಿತ್ತು. ಎಲ್ಲರ ನಡುವೆ ಬಿಸಿಲಲ್ಲಿ ನಿಂತ. ವೆಂಕಟೇಶಪ್ಪ ಸೊಂಟದ ಮೇಲೆ ಕೈಯಿಟ್ಟು, ಕುಪ್ಪುಸ್ವಾಮಿ ನೋಡುತ್ತಿದ್ದಾನೋ ಇಲ್ಲವೋ ಎಂದು ನೋಡುತ್ತಿದ್ದ. ಅಷ್ಟರಲ್ಲಿ ಡಬ್ ಅಂತ ಸದ್ದಾಯಿತು. ಸೈಕಲ್ ವಾಲಿ ಒಂದು ಕ್ಯಾನು ಉರುಳಿತು. ಪಕ್ಕದಲ್ಲಿ ನಿಂತವರ ಪಂಚೆಗೆಲ್ಲ ಹುಳಿ ಅಂಬಲಿ. ಹಾಲು ರಸ್ತೆಯಲ್ಲಿ ಹರಿಯಿತು, ನಾಯಿಗಳು ಓಡಿಬಂದವು.

ಜನ ಬಿದ್ದು ಬಿದ್ದು ನಕ್ಕರು. ಕುಪ್ಪುಸ್ವಾಮಿ ಮಾತ್ರ ನಗಲಿಲ್ಲ. ನಕ್ಕಿದ್ದರೆ ವೆಂಕಟೇಶಪ್ಪ ಅವನನ್ನು ದ್ವೇಷಿಸಿಕೊಂಡು ಸುಖವಾಗಿರುತ್ತಿದ್ದ. ಅವನು ಬಂದು ಕ್ಯಾನು ಎತ್ತಿ ನಿಲ್ಲಿಸಿ, ಟೈರನ್ನು ಮೂಸಿ ನೋಡಿದ.

“ಅಣ್ಣೇ, ಇದರೊಳಗೆ ಅಂಬಲಿ ಯಾಕೆ?”

“ನೀನು ಹುಯ್ಯಲ್ವಾ? ದಿನಾ ಗೋಣಿ ಹಿಂದೆ ಕೂತ್ಕೊಂಡು?”

“ಅದು ನನ್ನ ಊಟ ಅಣ್ಣೇ. ಉಂಡು ಅಲ್ಲೇ ಕೂತು ಟೈರೊಳಗೆ ತುಂಬೋದು ನಾರುಹಗ್ಗ. ಅಲ್ಲೇ ನೇತಾಕಿದ್ದೀನಲ್ಲ.”

“ಊಟಕ್ಕೆ ಗೋಣಿ ಯಾಕ್ಲಾ ಕಟ್ಕೊಂಡೆ?”

ಕುಪ್ಪುಸ್ವಾಮಿ ತಲೆ ತಗ್ಗಿಸಿದ. ಹಿಂದೆಯೇ ಬಂದಿದ್ದ ಅಮ್ಮಾಜಮ್ಮ ಸುಮ್ಮನಿರಲಿಲ್ಲ. “ನಿನ್ನ ಕಣ್ಣಿಗೇ ಕಟ್ಟಿದ್ದು! ಆಚೆಯಿಂದ ನುಂಗೋ ಹಂಗೆ ನೋಡ್ತಿದ್ದೆ. ಮೊದಲನೇ ವಾರ ಇವರಿಗೆ ಉಂಡಿದ್ದು ದಕ್ಕಲಿಲ್ಲ, ಬರೀ ವಾಂತಿ. ಅದಕ್ಕೇ ನಾನೇ ಕಟ್ಟಿದೆ.”

ವೆಂಕಟೇಶಪ್ಪನನ್ನು ಒಂದು ಮಾತೂ ಕೇಳದೆ ಮುನಿಸ್ವಾಮಪ್ಪ ಸೈಕಲ್ಲನ್ನು ಮೆಲ್ಲಗೆ ಹುಣಸೆಮರದ ಕಡೆಗೆ ತಳ್ಳಿಕೊಂಡು ಹೋದ. ತಾನು ಬಗ್ಗಿಸಿ ಕಟ್ಟಿದ ಆ ಕ್ಯಾರಿಯರ್ ರಸ್ತೆ ದಾಟುವುದನ್ನು ವೆಂಕಟೇಶಪ್ಪ ನೋಡಿದ.

ಸಂಜೆ ಮನೆಗೆ ಬಂದಾಗ ಸುದ್ದಿ ಅವನಿಗಿಂತ ಮುಂಚೆ ಬಂದಿತ್ತು. ಕನಕಮ್ಮ ಮುಷ್ಟಿಯಲ್ಲಿ ಉಪ್ಪು ಮೆಣಸಿನಕಾಯಿ ಹಿಡಿದು ಕಾದಿದ್ದಳು. “ಕೂತ್ಕಳಿ. ಆ ಕುಪ್ಪುಸ್ವಾಮಿ ಕಣ್ಣು ಬಿದ್ದೈತೆ ನಿಮ್ಮ ಮ್ಯಾಲೆ. ನಿವಾಳಿಸಿ ಒಲೆಗೆ ಆಕ್ತೀನಿ.”

“ನಂಗ್ಯಾಕೆ?” ಎಂದ ಅವನು ಗೋಡೆ ನೋಡುತ್ತಾ. “ಅವನಿಗೆ ತೆಗಿ ಓಗು. ಕಣ್ಣು ನಂದು.”

ಗಂಡನ ಬಾಯಲ್ಲಿ ಅಂಥ ಮಾತನ್ನು ಕನಕಮ್ಮ ಅದುವರೆಗೆ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

ಅವನು ಹೇಳಿದ್ದು ನಿಜವೇ, ಮನಸಾರೆ ಹೇಳಿದ್ದೇ. ಆದರೆ ಮರುದಿನ ಬೆಳಿಗ್ಗೆ ಅಂಗಡಿಯ ಹಲಗೆ ತೆಗೆದವನು ಮೊದಲು ನೋಡಿದ್ದು ರಸ್ತೆಯ ಆಚೆಗೇ, ಅಲ್ಲಿ ಯಾರ ಯಾರ ಸೈಕಲ್ಲುಗಳು ನಿಂತಿವೆ ಎಂದು.