ದಿಲ್ಲಿ ಬಯಲಿನ ಆಯಿ

ಆಯಿಯ ಬಲಗೈ ತೋರುಬೆರಳಿನ ತುದಿಯಲ್ಲಿ ಒಂದು ಗೀರು ಇತ್ತು. ಈಳಿಗೆ ತಾಗಿ ಆದದ್ದಲ್ಲ, ಕುಡಗೋಲು ತಾಗಿ ಆದದ್ದೂ ಅಲ್ಲ. ಹರಿದ ನೂಲಿನ ಎರಡು ತುದಿಗಳನ್ನು ಆ ಬೆರಳಿನ ಮೇಲಿಟ್ಟು ಹೆಬ್ಬೆರಳಿನಿಂದ ಹೊಸೆದು ಹೊಸೆದು ಅಲ್ಲಿ ಚರ್ಮ ಸವೆದುಹೋಗಿತ್ತು. ಅಂಗೈಯ ಗೆರೆಗಳಲ್ಲಿ ಗಂಜಿ ಒಣಗಿ ಬೆಳ್ಳಗೆ ಕೂತಿರುತ್ತಿತ್ತು, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಒಮ್ಮೆ ಓಣಿಗೆ ಬಂದ ಕಣಿ ಹೇಳುವವಳು ಆ ಕೈ ಹಿಡಿದು ನೋಡಿದಾಗ ಆಯಿ ನಕ್ಕುಬಿಟ್ಟಳು. "ಏನ್ ಓದತಿ ಯವ್ವಾ, ಗೆರಿ ಎಲ್ಲಾ ಗಂಜಿ ತುಂಬಿ ಮುಚ್ಚ್ಯಾವು."

ಆಯಿ ನಮ್ಮ ಬಳಗದವಳಲ್ಲ. ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯವಳು. ಇಡೀ ಓಣಿ ಆಕೆಯನ್ನು ಆಯಿ ಅನ್ನುತ್ತಿತ್ತು, ಆಕೆಗಿಂತ ಹಿರಿಯರಾದವರೂ ಸಹ. ನಮ್ಮದು ಕೃಷ್ಣಾ ದಂಡೆಯಿಂದ ತುಸು ಒಳಗಿರುವ ಸಣ್ಣ ಊರು. ನೇಯ್ದ ಸೀರೆಗಳನ್ನು ರಬಕವಿ ಪೇಟೆಗೆ ಒಯ್ದು ಕೊಟ್ಟು, ಬರುವಾಗ ನೂಲು ಹೊತ್ತು ತರುವ ಮಂದಿ. ಊರಿನ ಉಳಿದೆಲ್ಲ ಓಣಿಗಳಲ್ಲಿ ವಿದ್ಯುತ್ ಮಗ್ಗಗಳು ಬಂದು ಹಗಲು ರಾತ್ರಿ ಖಟಖಟ ಅನ್ನತೊಡಗಿದ ಮೇಲೂ ನಮ್ಮ ಓಣಿ ಕೈಮಗ್ಗವನ್ನು ಬಿಟ್ಟಿರಲಿಲ್ಲ. ಅದಕ್ಕೆ ಹಟ ಒಂದು ಕಾರಣ, ದಿಲ್ಲಿ ಬಯಲು ಇನ್ನೊಂದು.

ಕೈಮಗ್ಗಕ್ಕೆ ನೂಲು ಏರಿಸುವ ಮೊದಲು ಹಾಸಿನ ಎಳೆಗಳನ್ನು ಉದ್ದಕ್ಕೆ ಎಳೆದು ಕಟ್ಟಿ, ಗಂಜಿ ಉಣಿಸಿ, ಕುಂಚದಿಂದ ತೀಡಿ, ಒಣಗಿಸಬೇಕು. ಇದಕ್ಕೆ ಉಂಕಿ ಅನ್ನುತ್ತೇವೆ. ಉಂಕಿ ಹಾಸಲು ಉದ್ದನೆಯ, ನೇರವಾದ, ಅಡೆತಡೆ ಇಲ್ಲದ ನೆಲ ಬೇಕು. ಅಂಥ ನೆಲ ನಮ್ಮ ಓಣಿಯ ಕೊನೆಗೇ ಇತ್ತು. ಅದು ದಿಲ್ಲಿ ಸರ್ಕಾರದ್ದು. ಹಿಂದೆ ತಂತಿ ಇಲಾಖೆಯವರು ನೌಕರರಿಗೆ ಮನೆ ಕಟ್ಟಿಸುತ್ತೇವೆಂದು ತೆಗೆದುಕೊಂಡು ನಾಲ್ಕು ಮೂಲೆಗೆ ನಾಲ್ಕು ಕಲ್ಲು ನೆಟ್ಟು ಹೋದವರು ಮತ್ತೆ ಇತ್ತ ತಲೆ ಹಾಕಿರಲಿಲ್ಲ. ಆ ಬಯಲಿನಲ್ಲಿ ಎರಡು ಸಾಲು ಜಾಲಿಗೂಟ ನೆಟ್ಟು, ನಮ್ಮ ಅಜ್ಜಂದಿರ ಕಾಲದಿಂದಲೂ ಉಂಕಿ ಹಾಸುತ್ತ ಬಂದಿದ್ದೆವು. ಹೊತ್ತು ಮೂಡುವಾಗ ಯಾರಾದರೂ ಬಂದು "ಆಯಿ ಎಲ್ಲಿ?" ಎಂದು ಕೇಳಿದರೆ ನಾವು ಗಂಭೀರವಾಗಿ, "ದಿಲ್ಲಿಗೆ ಹೋಗ್ಯಾಳ್ರಿ, ಈಗ ಬರತಾಳ" ಅನ್ನುತ್ತಿದ್ದೆವು.

ಆ ಬಯಲಿನಲ್ಲಿ ಆಯಿಯ ಮಾತೇ ಕಾನೂನು. ಇವತ್ತು ಯಾರ ಉಂಕಿ, ನಾಳೆ ಯಾರದು, ಯಾರು ಗಂಜಿ ಹಿಡಿಯಬೇಕು, ಯಾರು ಕುಂಚ ಹಿಡಿಯಬೇಕು, ಎಲ್ಲ ಆಕೆಯೇ ಹೇಳುವಳು. ಒಂದು ಮನೆಯ ಉಂಕಿಗೆ ಓಣಿಯ ಕೈಗಳೆಲ್ಲ ಸೇರಬೇಕು, ಕೂಲಿ ಇಲ್ಲ. ಗಂಜಿ ತೆಳ್ಳಗೆ ಮಾಡಿ ತಂದವರನ್ನು "ಇದೇನ ಗಂಜೀನೋ, ಬಾಣಂತಿಗೆ ಕುಡಸೂ ನೀರೋ?" ಎಂದು ಎಲ್ಲರೆದುರು ನೀರಿಳಿಸುವಳು. ಮತ್ತೊಂದು ಕಟ್ಟಳೆ ಇತ್ತು. ಹಸಿ ಉಂಕಿಯನ್ನು ಯಾರೂ ದಾಟಬಾರದು, ಕೆಳಗೆ ತೂರಲೂಬಾರದು. ಎಂಥ ಅವಸರವಿದ್ದರೂ ಬಯಲನ್ನು ಸುತ್ತಿಯೇ ಹೋಗಬೇಕು.

ಆ ಕಟ್ಟಳೆ ಎಷ್ಟು ಗಟ್ಟಿ ಎಂಬುದನ್ನು ನಾನು ಆಕೆಯ ಗಂಡ ತೀರಿಕೊಂಡ ದಿನ ಕಂಡೆ. ರುದ್ರಭೂಮಿಗೆ ಹತ್ತಿರದ ದಾರಿ ಬಯಲಿನೊಳಗಿಂದಲೇ. ಅವತ್ತು ಮುಂಜಾನೆ ಎದುರುಮನೆಯವರ ಉಂಕಿ ಹಾಸಿತ್ತು. ಸುದ್ದಿ ಕೇಳಿ ಅವರು ನೂಲು ಬಿಚ್ಚಲು ಓಡಿದರು. ಹಸಿ ನೂಲು ಬಿಚ್ಚಿದರೆ ಒಂದಕ್ಕೊಂದು ಅಂಟಿ ಎಲ್ಲವೂ ಹಾಳು. ಅಳುತ್ತ ಕೂತಿದ್ದ ಆಯಿ ಎದ್ದು ಬಾಗಿಲಿಗೆ ಬಂದಳು. "ಬಿಚ್ಚಬ್ಯಾಡ್ರಿ" ಅಂದಳು. ಹೆಗಲು ಕೊಟ್ಟು ನಿಂತವರ ಕಡೆಗೆ ತಿರುಗಿ, "ನೂಲು ಹಸಿ ಐತಿ. ಸುತ್ತ ಹಾಕ್ಕೊಂಡ ನಡೀರಿ. ಅವರಿಗೇನ್ ಈಗ ಅವಸರಿಲ್ಲ" ಅಂದಳು. ಹೊತ್ತವರು ಸುತ್ತು ಹಾಕಿಯೇ ಹೋದರು. ಎದುರುಮನೆಯ ಕಾಕಾ ತನ್ನ ನೂಲಿನ ಪಕ್ಕ ನಿಂತು ಮಗುವಿನ ಹಾಗೆ ಅತ್ತ.

ನನಗೆ ಆಕೆಯದೊಂದು ಋಣವಿದೆ. ಏಳನೆಯ ತರಗತಿ ಮುಗಿದಾಗ ಅವ್ವ ನನ್ನನ್ನು ಸಾಲಿ ಬಿಡಿಸುವುದೆಂದು ತೀರ್ಮಾನಿಸಿದಳು. ಮಗ್ಗದಲ್ಲಿ ಅಪ್ಪ, ಅಡ್ಡನೂಲಿನ ಕಂಡಿಕೆ ಸುತ್ತಲು ಕೈ ಸಾಲದು. ಗೋಡೆಯಾಚೆಯಿಂದ ಆಯಿ ಅದನ್ನು ಕೇಳಿಸಿಕೊಂಡಳು. ನಮ್ಮ ಮನೆಯ ಗುಟ್ಟುಗಳೆಲ್ಲ ಆ ಗೋಡೆಗೆ ಗೊತ್ತು, ಗೋಡೆಗೆ ಗೊತ್ತಾದದ್ದು ಆಯಿಗೆ ಗೊತ್ತು. ರಾಟಿಯನ್ನೇ ಎತ್ತಿಕೊಂಡು ಬಂದು ನಮ್ಮ ಪಡಸಾಲೆಯಲ್ಲಿ ಇಟ್ಟಳು. "ಇಕಿ ಕಂಡಕಿ ನಾ ಸುತ್ತತೇನಿ. ನೀ ಇಕಿನ್ನ ಸಾಲಿಗಿ ಕಳಸು" ಎಂದಳು. ನಾನು ಹತ್ತನೆಯದನ್ನು ಮುಗಿಸುವ ತನಕ ಸುತ್ತಿದಳು. ಈಗ ಮುಧೋಳದ ಹೈಸ್ಕೂಲಿನಲ್ಲಿ ಪಾಠ ಹೇಳಿ ಸಂಬಳ ಎಣಿಸುತ್ತಿರುವುದು ಆ ರಾಟಿಯ ದಯೆ.

ಬಯಲಿಗೆ ಕುತ್ತು ಬಂದದ್ದು ಇತ್ತೀಚಿನ ವರ್ಷಗಳಲ್ಲಿ. ಒಂದು ಭಾನುವಾರ ನಾನು ಊರಲ್ಲಿದ್ದಾಗ ನಮ್ಮ ವಾರ್ಡಿನ ಮೆಂಬರ ಆಯಿಯ ಕಟ್ಟೆಗೆ ಬಂದು ಕೂತ. "ಆಯಿ, ದಿಲ್ಲಿಯವರು ತಮಗ ಬ್ಯಾಡಾದ ಜಾಗಾ ಎಲ್ಲಾ ಹರಾಜ ಹಾಕಾಕತ್ತಾರಂತ. ಯಾವನರ ಸಾಹುಕಾರ ಹಿಡದನಂದ್ರ ನಿಮ್ಮ ಉಂಕಿ ಮುಗೀತು. ಅದಕ್ಕೂ ಮೊದಲ ಊರಿಗೆ ಕೊಡ್ರಿ ಅಂತ ಕೇಳಬೇಕು. ಊರಿಗೆ ಬಂತಂದ್ರ ನಮಗ ಬಂದಂಗ." ಅವನ ಮಾತಿನಲ್ಲಿ ಮೋಸವಿತ್ತೆಂದು ನಾನು ಹೇಳಲಾರೆ. ಅವನೂ ಹಾಗೆಯೇ ನಂಬಿದ್ದ.

ಆಯಿ ಸೆರಗು ಕಟ್ಟಿ ನಿಂತಳು. ಜಮಖಂಡಿಗೆ, ಬಾಗಲಕೋಟೆಗೆ, ಎಲ್ಲಿಗೆ ಕರೆದರೂ ಓಣಿಯ ಹೆಂಗಸರನ್ನು ಬಸ್ಸಿಗೆ ಹತ್ತಿಸಿಕೊಂಡು ಹೊರಡುವಳು. ರೊಟ್ಟಿ, ಶೇಂಗಾ ಹಿಂಡಿಯ ಗಂಟು ಜೊತೆಗೇ. ಒಬ್ಬ ಗುಮಾಸ್ತ, "ಅಜ್ಜಿ, ಜಾಗಾ ದಿಲ್ಲಿಯವರದು, ಇಲ್ಲಿ ಬಂದ್ರ ಏನಾಕ್ಕತಿ?" ಎಂದದ್ದಕ್ಕೆ, "ಜಾಗಾ ದಿಲ್ಲೀದು ಖರೆ, ಅದರ ಮ್ಯಾಲಿನ ಕಾಲು ನಮ್ಮವು" ಎಂದು ಉತ್ತರ ಕೊಟ್ಟಿದ್ದಳಂತೆ. ಅದನ್ನು ಹೇಳಿಕೊಂಡು ಓಣಿ ಬಹಳ ದಿನ ನಕ್ಕಿತು.

ಕೊನೆಗೆ ಜಾಗ ನೋಡಲು ದಿಲ್ಲಿ ಕಡೆಯ ಸಾಹೇಬರು ಬರುತ್ತಾರೆಂದು ಗೊತ್ತಾಯಿತು. ಮುನ್ನಾದಿನ ಮೆಂಬರ ಓಡಿ ಬಂದ. "ಗೂಟಾ ಕಂಡ್ರ ಅತಿಕ್ರಮಣ ಅಂತ ಬರೀತಾರ. ಅತಿಕ್ರಮಣ ಇದ್ದ ಜಾಗಾ ಊರಿಗೆ ಕೊಡೂದುಲ್ಲಂತ. ಬಯಲ ಖಾಲಿ ಇರಬೇಕು ನೋಡ್ರಿ." ಓಣಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಆಯಿ ಮೊದಲ ಗೂಟಕ್ಕೆ ತಾನೇ ಕೈ ಹಾಕಿದಳು. ಗಂಜಿ ಕುಡಿದು ಕುಡಿದು ಕಲ್ಲಾಗಿದ್ದ ಗೂಟಗಳು ಹಾರೆ ಹಾಕದೆ ಅಲುಗಲಿಲ್ಲ. ಎಲ್ಲವನ್ನೂ ಕಿತ್ತು ಆಕೆಯ ಹಿತ್ತಲಿನಲ್ಲಿ ಒಟ್ಟಿದೆವು. ಕುಳಿಗಳನ್ನು ಮುಚ್ಚಿ ತುಳಿದೆವು. ಮಾರನೆಯ ಬೆಳಗ್ಗೆ ಹೆಂಗಸರೆಲ್ಲ ಸೇರಿ ಬಯಲನ್ನು ಗುಡಿಸಿದರು, ನೀರು ಚಿಮುಕಿಸಿದರು. ಮೂಲೆಗಲ್ಲಿನ ಮುಂದೆ ಆಯಿ ರಂಗೋಲಿಯನ್ನೂ ಹಾಕಿದಳು. ಬೀಗರು ಬರುವಾಗ ಅಂಗಳ ಕೊಳಕಾಗಿರಬಾರದು ಎಂಬುದಷ್ಟೇ ಆಕೆಗೆ ಗೊತ್ತಿದ್ದ ವಿದ್ಯೆ.

ಸಾಹೇಬ ಒಳ್ಳೆಯ ಮನುಷ್ಯನೇ ಇದ್ದ. ಬಯಲಿನ ಉದ್ದಗಲ ಅಳೆಸಿದ. ಹಿಂದಿಯಲ್ಲಿ ಏನೋ ಕೇಳಿದ, ಜೊತೆಗೆ ಬಂದವನು ಕನ್ನಡ ಮಾಡಿ ಹೇಳಿದ: "ಇಲ್ಲಿ ಯಾರಾದರೂ ಏನಾದರೂ ಮಾಡುತ್ತಾರಾ?" ಆಯಿ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಅಂಗೈಯ ಗಂಜಿ ಸಾಹೇಬನಿಗೆ ಕಂಡೀತೆಂಬ ಭಯ. "ಯಾರೂ ಏನೂ ಮಾಡೂದುಲ್ರಿ ಸಾಹೇಬ್ರ. ನೋಡ್ರಿ, ಹೆಂಗ ಸ್ವಚ್ಛ ಐತಿ." ಸಾಹೇಬ ತಲೆಯಾಡಿಸಿ ಬರೆದುಕೊಂಡ. ನಾನು ಅಲ್ಲೇ ನಿಂತಿದ್ದೆ. ನನಗೂ ಖುಷಿಯೇ ಆಗಿತ್ತು.

ಜಾಗ ಊರಿಗೆ ಬಂತು. ಬಯಲಿನಲ್ಲೇ ಶಾಮಿಯಾನಾ ಹಾಕಿ ಸಮಾರಂಭ ಮಾಡಿದರು. ಆಯಿಗೆ ಶಾಲು ಹೊದಿಸಿದರು. ಆಕೆ ಶಾಲಿನ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿ, ನನ್ನ ಕಿವಿಯಲ್ಲಿ, "ಮಷಿನ್ದು ಬೇ, ಎರಡು ಸಲ ತೊಳದ್ರ ಹ್ವಾದಂಗ" ಎಂದು ನಕ್ಕಳು. ಅದೇ ನಾನು ಕಂಡ ಆಕೆಯ ಕೊನೆಯ ನಗು ಅಂತ ಕಾಣುತ್ತದೆ.

ಗೂಟ ಮತ್ತೆ ನೆಡಬೇಕೆಂದು ಹಾರೆ ಹಿಡಿದು ಹೋದ ದಿನ ಅಲ್ಲಿ ಗೋಡೆಗೆ ಪಾಯ ತೋಡುತ್ತಿದ್ದರು. ಅಂಗಡಿಗಳ ಸಂಕೀರ್ಣ ಬರುತ್ತದಂತೆ, ಅದರಿಂದ ಊರಿಗೆ ಆದಾಯವಂತೆ. ಮೆಂಬರನನ್ನು ಹುಡುಕಿದರೆ ಅವನು ಚುನಾವಣೆ ಸೋತು ಮನೆಯಲ್ಲಿ ಕೂತಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂದು ಓಣಿಯವರು ಹಲ್ಲು ಕಡಿದರು. ಆಯಿ ನನ್ನನ್ನು ಕರೆದುಕೊಂಡು ಊರಿನ ಪಂಚಾಯತಿ ಕಚೇರಿಗೆ ಹೋದಳು. ಕುರ್ಚಿಯಲ್ಲಿದ್ದವನು ಹೊಸದಾಗಿ ಬಂದ ಹುಡುಗ, ಮರ್ಯಾದೆಯಿಂದಲೇ ಮಾತಾಡಿದ.

"ಅಜ್ಜಿ, ನೀವು ಅಲ್ಲಿ ಉಂಕಿ ಹಾಸತಿದ್ರಿ ಅನ್ನೂದಕ್ಕ ಏನರ ಗುರ್ತು ಐತೇನ್ರಿ?"

ಆಯಿ ಅಂಗೈಯನ್ನು ಅವನ ಮೇಜಿನ ಮೇಲೆ ಚಾಚಿದಳು. "ಅಂಗೈ ಹುಣ್ಣಿಗೆ ಕನ್ನಡಿ ಬೇಕೇನೋ ತಮ್ಮಾ? ಇದ ನೋಡು ಗುರ್ತು."

ಅವನು ನೋಡಿದ. ಅವನಿಗೆ ಅದು ಮುದುಕಿಯೊಬ್ಬಳ ಕೈ, ಅಷ್ಟೆ. "ದಿಲ್ಲಿಯವರು ಕೊಡುವಾಗ ಜಾಗಾ ಖಾಲಿ ಐತಿ, ಯಾರೂ ಬಳಸೂದುಲ್ಲ ಅಂತ ಬರದಾರ್ರಿ. ಬಳಸತಿದ್ರ ಅವತ್ತ ಅವರಿಗೆ ಯಾಕ ಹೇಳಲಿಲ್ಲ?"

ಆಯಿ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಅವನಿಗಲ್ಲ, ತನಗೇ ಎಂಬಂತೆ, "ನಾನ ಕಸಾ ಹೊಡದ ಕೊಟ್ಟೇನಲ್ಲೋ ಯಪ್ಪಾ" ಅಂದಳು.

ಮನೆಗೆ ನಡೆದು ಬರುವಾಗ ನಾನು ಆ ಕಚೇರಿಗೆ, ಮೆಂಬರನಿಗೆ, ಹಾದಿಬೀದಿಯ ಎಲ್ಲರಿಗೂ ಬೈದೆ. ಆಯಿ ಬೈಯಲಿಲ್ಲ. ಬೈಗುಳದಲ್ಲಿ ಓಣಿಗೇ ಎತ್ತಿದ ಕೈಯಾದವಳು ಬಾಯಿ ಮುಚ್ಚಿ ನಡೆದದ್ದು ನನಗೆ ಹೆದರಿಕೆ ಹುಟ್ಟಿಸಿತು.

ಆಮೇಲೆ ಓಣಿಯವರು ಬೇರೆ ಗೂಟ ನೆಟ್ಟು ರಸ್ತೆಯಲ್ಲೇ ಉಂಕಿ ಹಾಸಿ ನೋಡಿದರು. ಬೈಕಿನವರು ನೂಲಿನ ಕೆಳಗೆ ತಲೆ ಬಗ್ಗಿಸಿ ತೂರಿದರು. ಕಬ್ಬಿನ ಹಂಗಾಮಿನಲ್ಲಿ ಒಂದು ಟ್ರ್ಯಾಕ್ಟರು ಎದುರುಮನೆ ಕಾಕಾನ ಉಂಕಿಯನ್ನು ಗೂಟಸಹಿತ ಎಳೆದುಕೊಂಡು ಹೋಯಿತು. ಆತ ಮರುವಾರವೇ ಮಗ್ಗ ಬಿಚ್ಚಿದ. ನಮ್ಮ ಅಪ್ಪನದೂ ನಿಂತಿತು. ಹೀಗೆ ಒಂದೊಂದೇ ಮನೆ ಸುಮ್ಮನಾಗುತ್ತ ಬಂತು. ಆಯಿಯ ಮಗ ವಿದ್ಯುತ್ ಮಗ್ಗದ ಕೂಲಿಗೆ ಹೋದ.

ಹಿತ್ತಲಿನ ಗೂಟಗಳನ್ನು ಮಾತ್ರ ಆಯಿ ಯಾರಿಗೂ ಮುಟ್ಟಗೊಡಲಿಲ್ಲ. ಒಲೆಗೆ ಹಾಕುತ್ತೇನೆಂದ ಸೊಸೆಗೆ, "ನಾಳಿ ಬಯಲ ಬಿಟ್ಟಕೊಟ್ರ ಏನ ನೆಡತಿ, ನಿನ್ನ ಕಾಲೇನು?" ಎಂದು ಗದರಿದ್ದಳು. ಗೋಡೆ ಎದ್ದಿತು, ಗೇಟಿಗೆ ಬೀಗ ಬಿತ್ತು. ಅಂಗಡಿಗಳು ಮಾತ್ರ ಬರಲೇ ಇಲ್ಲ. ಅದೇನೋ ತಕರಾರು ಎಂದರು. ಒಳಗೆಲ್ಲ ಜಾಲಿ ಬೆಳೆಯಿತು. ಯಾರಿಗೂ ಬೇಡವಾದ ಜಾಗ ಮತ್ತೆ ಯಾರಿಗೂ ಬೇಡವಾಗಿಯೇ ಬಿದ್ದಿದೆ, ನಡುವೆ ನಮ್ಮ ಓಣಿಯೊಂದು ಹೋಯಿತು. ಇದನ್ನು ನೆನೆದರೆ ಇಂದಿಗೂ ನನಗೆ ಸಿಟ್ಟು ಬರುತ್ತದೆ, ಸಿಟ್ಟಿನ ಹಿಂದೆಯೇ ಅಳು ಬರುತ್ತದೆ.

ಹೋದ ಚಳಿಗಾಲದಲ್ಲಿ ನಾನು ಊರಿಗೆ ಹೋದಾಗ ಆಯಿ ಬಚ್ಚಲ ಒಲೆಯ ಮುಂದೆ ಕೂತಿದ್ದಳು. ಒಲೆಯಲ್ಲಿ ಗೂಟ ಉರಿಯುತ್ತಿತ್ತು. ಆಕೆಯೇ ಹೇಳಿದಳು. "ಛಲೋ ಉರೀತಾವ ಬೇ. ಗಂಜಿ ಕುಡದಾವಲ್ಲ." ಬೆಳಕಿಗೆ ಚಾಚಿದ್ದ ಆ ಅಂಗೈಯಲ್ಲಿ ಗೆರೆಗಳು ಸ್ವಚ್ಛವಾಗಿ ಕಾಣುತ್ತಿದ್ದವು. ಬಿಳಿ ಎಲ್ಲ ಹೋಗಿತ್ತು. ನನಗೆ ಅದನ್ನು ನೋಡಲಾಗಲಿಲ್ಲ.

ಗೂಟಗಳು ಮುಗಿಯುವ ಮೊದಲೇ ಆಯಿ ಮುಗಿದಳು. ಸುದ್ದಿ ತಿಳಿದು ನಾನು ಮುಧೋಳದಿಂದ ಬರುವಷ್ಟರಲ್ಲಿ ಹೊರಡಲು ಎಲ್ಲ ಸಿದ್ಧವಾಗಿತ್ತು. ಹೊತ್ತವರು ಓಣಿಯ ಕೊನೆಗೆ ಬಂದು, ಹಳೆಯ ರೂಢಿಗೆ, ನೇರ ಬಯಲಿನ ಕಡೆಗೇ ತಿರುಗಿದರು. ಮುಂದೆ ಗೇಟು, ಗೇಟಿಗೆ ಬೀಗ. ಕಹಳೆ ಊದುವವನು ಅದನ್ನು ಬಾಯಿಂದ ತೆಗೆದು ನಿಂತ. ಬೀಗದ ಕೈ ಯಾರ ಹತ್ತಿರವಿದೆ, ಕಚೇರಿಗೆ ಫೋನ್ ಮಾಡಿರಿ ಎಂದು ಹುಡುಗರು ಕೂಗಾಡಿದರು. ಒಬ್ಬ ಬೀಗ ಒಡೆಯಲು ಕಲ್ಲು ಎತ್ತಿದ.

ಆಗ ಎದುರುಮನೆಯ ಕಾಕಾ ಮುಂದೆ ಬಂದು ಅವನ ಕೈಯಿಂದ ಕಲ್ಲನ್ನು ತೆಗೆದುಕೊಂಡು ಕೆಳಗಿಟ್ಟ. ಗೇಟಿನ ಸಂದಿಯಿಂದ ಒಳಗಿನ ಜಾಲಿಯನ್ನು ಒಮ್ಮೆ ನೋಡಿದ.

"ನೂಲು ಹಸಿ ಐತಿ ಅಂತ ತಿಳೀರಿ" ಅಂದ. "ಸುತ್ತ ಹಾಕ್ಕೊಂಡ ನಡೀರಿ."

ನಾವು ಗೋಡೆಯನ್ನು ಸುತ್ತಿಕೊಂಡು ನಡೆದೆವು.