ಸರೋವರದ ದಂಡೆಯಲ್ಲೊಂದು ಬೋಣಿ

ದೋಣಿ ಹತ್ತುವ ಮೊದಲೇ ನಮ್ಮ ಯಜಮಾನರು ತಗಾದೆ ತೆಗೆದಿದ್ದರು. ಸುತ್ತ ಬೆಟ್ಟಗಳು, ನಡುವೆ ಕಣ್ಣು ಮುಟ್ಟದಷ್ಟು ನೀರು, ದಂಡೆಗುಂಟ ಮಾಯಾ ಎಂಬ ಮೂಲನಿವಾಸಿ ಜನರ ಸಣ್ಣ ಸಣ್ಣ ಊರುಗಳು. ಇವರಿಗೆ ಮಾತ್ರ ಅದು ಮಾಸೂರಿನ ಮದಗದ ಕೆರೆಯ ಮುಂದೆ ಏನೂ ಅಲ್ಲ. “ಕೆರಿ ನೋಡಾಕ ಗ್ವಾಟೆಮಾಲಾ ತನಕಾ ಬರಬೇಕಿತ್ತೇನು?” ಎಂದರು. ಗೊಟಗೋಡಿಯ ವಿಶ್ವವಿದ್ಯಾಲಯದಲ್ಲಿ ಜಾನಪದ ಓದಿದ ನಮ್ಮ ಮಗಳು ಗ್ವಾಟೆಮಾಲಾದ ನೇಕಾರಿಕೆಯ ಅಭ್ಯಾಸಕ್ಕೆಂದು ಹೋದವಳು, ನಮ್ಮನ್ನೂ ಕೆಲವು ದಿನಗಳ ಮಟ್ಟಿಗೆ ಕರೆಸಿಕೊಂಡಿದ್ದಳು. “ಅಪ್ಪಾ, ಸುಮ್ನ ಕುಂದರ್ರಿ, ದೋಣಿ ಅಳ್ಳಾಡಾಕತ್ತೈತಿ” ಎಂದು ಅವಳು ಗದರಿದ ಮೇಲೆ ಬಾಯಿ ಮುಚ್ಚಿದರು.

ಸಿಡುಕಿನ ಮೂಲ ನನಗೆ ಗೊತ್ತಿತ್ತು. ಹಾನಗಲ್ಲಿನಲ್ಲಿ ಅವರ ಅಜ್ಜ ಇಟ್ಟ ಅರಿವೆ ಅಂಗಡಿಯನ್ನು ಆ ವರ್ಷ ಯುಗಾದಿ ಕಳೆದ ಮೇಲೆ ಮುಚ್ಚಿದ್ದೆವು. ಲಗ್ನದ ಜವಳಿಗೆ ಜನ ಹುಬ್ಬಳ್ಳಿ ಬಸ್ಸು ಹತ್ತುವುದು ರೂಢಿಯಾಗಿತ್ತು. ಇವರು ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಹೋಗಿ ಗಾದಿಯ ಮೇಲೆ ಕೂತು, ಒಂದು ಬೋಣಿಯೂ ಆಗದೆ ಊಟಕ್ಕೆ ಬರುತ್ತಿದ್ದರು. ರೊಟ್ಟಿ ಮುರಿಯುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಬಾಗಿಲು ಹಾಕಿದ ಮೇಲಂತೂ ಒಳಗೊಳಗೇ ಕುಸಿದುಹೋದರು. ಈ ಮನುಷ್ಯ ಮೊದಲಿನಂತಾದರೆ ಸಾಕಪ್ಪಾ ಎಂದು ಬೇಡಿಕೊಂಡೇ ನಾನು ವಿಮಾನ ಹತ್ತಿದ್ದೆ.

ಮಗಳ ಗುರುತಿನ ನೇಕಾರ್ತಿಯ ಮನೆ ದಂಡೆಯ ಹತ್ತಿರವೇ ಇತ್ತು. ನನ್ನ ವಾರಗೆಯ ಹೆಂಗಸು. ಚಾಪೆಯ ಮೇಲೆ ಕೂತು, ಮಗ್ಗದ ಒಂದು ತುದಿಯನ್ನು ಕಂಬಕ್ಕೂ ಇನ್ನೊಂದು ತುದಿಯನ್ನು ತನ್ನ ಸೊಂಟಕ್ಕೂ ಕಟ್ಟಿಕೊಂಡು ನೇಯುತ್ತಿದ್ದಳು. ಮೈ ಹಿಂದಕ್ಕೆ ಒಯ್ದರೆ ಹಾಸಿನ ನೂಲು ಬಿಗಿಯುತ್ತಿತ್ತು, ಮುಂದಕ್ಕೆ ಬಾಗಿದರೆ ಸಡಿಲಾಗುತ್ತಿತ್ತು. ನೇಯುತ್ತಿದ್ದದ್ದು ಕೆಂಪು ರವಿಕೆಯ ಬಟ್ಟೆ, ಅವಳ ಮಗಳ ಮದುವೆಗೆ. ಹುಟ್ಟುಗುಣ ಸುಟ್ಟರೂ ಹೋಗದು. ಯಜಮಾನರ ಕೈ ತಾನಾಗಿಯೇ ಅಂಚಿಗೆ ಹೋಯಿತು. “ನೇಯ್ಗಿ ಭಾಳ ಬಿಗಿ ಐತಿ. ಎಷ್ಟಂತ ಕೇಳು” ಎಂದರು.

ಅದು ಮಾರಾಟಕ್ಕಲ್ಲ, ಬೇರೆ ಅರಿವೆಯೆಲ್ಲ ಪೇಟೆಗೆ ಹೋಗಿದೆ ಎಂದು ಮಗಳು ಕೇಳಿ ಹೇಳಿದಳು. ಇವರು ಜಗ್ಗಲಿಲ್ಲ. “ಮುಂಜಾನೆ ಮೊದಲನೇ ದೋಣಿಗೆ ಬಂದ ಗಿರಾಕಿ ನಾವು. ಬೋಣಿ ಮಾಡದ ಎದ್ದು ಹೋದ್ರ ಆಕಿ ದಿನಾ ಪೂರಾ ಹಾಳಾಗತೈತಿ. ಅರ್ಧಾ ನೇಯ್ದದ್ದಾದ್ರೂ ನಡೀತೈತಿ, ಕೊಡು ಅನ್ನು.” ಕಿಸೆಯಿಂದ ನೋಟು ತೆಗೆದು ಚಾಪೆಯ ಮೇಲೆ ಇಟ್ಟೇಬಿಟ್ಟರು. ಅವಳು ನೋಟನ್ನು ಬೆರಳ ತುದಿಯಿಂದ ಹಿಂದಕ್ಕೆ ತಳ್ಳಿದಳು. ಮುಖ ಬಿಗಿದಿತ್ತು. ಮಗಳ ಮದುವೆಯ ಬಟ್ಟೆಗೆ ಬೆಲೆ ಕಟ್ಟಿದರೆ ಯಾವ ತಾಯಿಗೆ ಸಿಟ್ಟು ಬರುವುದಿಲ್ಲ! ನನಗೆ ನಾಚಿಕೆಯಾಯಿತು, ಇವರನ್ನು ನೋಡಿ ಕನಿಕರವೂ ಆಯಿತು.

ಮಗಳು ಆ ಭಾಷೆಯಲ್ಲಿ ಬಹಳ ಹೊತ್ತು ಹೇಳಿದಳು. ಬೋಣಿ ಎಂದರೇನು ಎಂಬುದನ್ನಷ್ಟೇ ಅಲ್ಲ, ಅಪ್ಪನ ಅಂಗಡಿಯ ಗತಿಯನ್ನೂ ಹೇಳಿದಳೆಂದು ಕಾಣುತ್ತದೆ. ನೇಕಾರ್ತಿ ಕೈಕೆಲಸ ಬಿಟ್ಟು ಇವರನ್ನೇ ನೋಡಿದಳು. ಒಬ್ಬರ ಮನೆಗೆ ಹೋಗುವಾಗ ಬರಿಗೈಯಲ್ಲಿ ಹೋಗುವ ವಾಡಿಕೆ ನನಗಿಲ್ಲ. ನಮ್ಮ ಅಂಗಡಿಯಲ್ಲಿ ಉಳಿದಿದ್ದ ರವಿಕೆ ಖಣವೊಂದನ್ನು ಚೀಲದಿಂದ ತೆಗೆದು ಅವಳ ಉಡಿಗೆ ಹಾಕಿದೆ. “ಮಗಳ ಲಗ್ನಕ್ಕ ಕುಪ್ಪಸ ಹೊಲಿಸು” ಎಂದೆ. ಮಾತು ತಿಳಿಯದಿದ್ದರೂ ಅರ್ಥವಾಯಿತು. ಖಣವನ್ನು ತಿರುವಿ, ಹಿಂಬದಿಯ ಎಳೆ ನೋಡಿ, ಮೊದಲ ಸಲ ನಕ್ಕಳು. ಸೊಂಟದ ಪಟ್ಟಿ ಬಿಚ್ಚಿ ಎದ್ದು ಒಳಗೆ ಹೋದಳು.

ಬಂದವಳು ಒಂದು ನಾಣ್ಯವನ್ನು ನನಗೆ ಕೊಡದೆ, ಇವರ ಅಂಗೈಯಲ್ಲಿ ಇಟ್ಟಳು.

“ಉಡಿಗೆ ಹಾಕಿದ ಖಣಕ್ಕ ರೊಕ್ಕ ಇಸ್ಕೊಂತಾರೇನ್ರಿ? ಹೊಳ್ಳಿ ಕೊಡ್ರಿ” ಎಂದೆ ನಾನು.

“ಅವ್ವಾ, ಸುಮ್ನಿರು” ಎಂದಳು ಮಗಳು. “ಇವತ್ತು ಅಪ್ಪನ ಮೊದಲನೇ ಗಿರಾಕಿ ತಾನ ಅಂತಾಳ.”

ಯಜಮಾನರು ನಾಣ್ಯವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಅಂಗಡಿಯಲ್ಲಾದರೆ ಹಾಗೆ ಒತ್ತಿಕೊಂಡು ತಕ್ಷಣ ಗಲ್ಲಾಪೆಟ್ಟಿಗೆಗೆ ಹಾಕುತ್ತಿದ್ದರು. ಅಲ್ಲಿ ಬಹಳ ಹೊತ್ತಾದರೂ ಅವರ ಕೈ ಕಣ್ಣಿನಿಂದ ಕೆಳಗಿಳಿಯಲಿಲ್ಲ.